ಅವರನ್ನು ಎಲ್ಲರೂ ಸಾಧು ಅಂದರು

ಬೀದರಿನಲ್ಲಿ ನಮ್ಮ ಶಿಕ್ಷಕರ ತರಬೇತಿ ನಡೆದಾಗ, ಊಟಕ್ಕೆ ಮುಂಚಿನ ಕೊನೆಯ ತರಗತಿಗೆ ಬಂದ ಮೇಡಂ ಬೋರ್ಡಿನ ಮೇಲೆ ಮೂರು ಪದ ಬರೆದರು: ಮಾನಸಿಕ ಆರೋಗ್ಯ ಸಾಕ್ಷರತೆ. ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಂಡು, ಇದಕ್ಕೆ ನಿಮ್ಮ ಮಾತಿನಲ್ಲಿ ಅರ್ಥ ಹೇಳಿ ಅಂದರು. ನಾವು ಭಾಲ್ಕಿಯಿಂದ, ಔರಾದದಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದವರು, ಹೊಟ್ಟೆ ಚುರುಗುಟ್ಟುತ್ತಿತ್ತು. ಹಿಂದಿನ ಬೆಂಚಿನ ಒಬ್ಬ ಮಾಸ್ತರರು, ಹುಚ್ಚರಿಗೆ ಓದು ಬರಹ ಕಲಿಸುವುದು ಅಂದರು. ಎಲ್ಲರೂ ನಕ್ಕರು. ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ತಾವೇ ಹೇಳಿದರು: ಮನಸ್ಸಿಗೆ ಜಡ್ಡಾದರೆ ಅದು ಜಡ್ಡು, ಕಾಯಿಲೆ ಎಂದು ಗುರುತು ಹಿಡಿಯಲು ಬರಬೇಕು, ಯಾರ ಹತ್ತಿರ ಹೋಗಬೇಕೆಂದು ಗೊತ್ತಿರಬೇಕು, ಹೋಗಲು ನಾಚಿಕೆ ಅಡ್ಡ ಬರಬಾರದು. ಇಷ್ಟೇ.

ಇಷ್ಟೇ ಅಂದದ್ದಕ್ಕೆ ನನಗೆ ಸಿಟ್ಟು ಬಂತು. ಆ ಮೇಡಂ ಮೇಲಲ್ಲ, ಪಾಪ, ಅವರೇನು ಮಾಡಿಯಾರು. ಮಾತು ಇಷ್ಟು ಸಣ್ಣದಾಗಿತ್ತಲ್ಲ, ಎರಡನೇ ಇಯತ್ತೆಯ ಹುಡುಗರೂ ಬಾಯಿಪಾಠ ಮಾಡುವಷ್ಟು ಸಣ್ಣದು, ಅದನ್ನು ಇಷ್ಟು ತಡವಾಗಿ ತಂದು ಹೇಳುತ್ತಾರಲ್ಲ ಎಂದು ಸಿಟ್ಟು. ನೀರು ಕುಡಿಯುವ ನೆವ ಹೇಳಿ ಹೊರಗೆ ಬಂದು ನಳದ ಹತ್ತಿರ ನಿಂತೆ. ನನ್ನ ಗಂಡ ಸತ್ತದ್ದು ಇದೇ ಮಾತು ನಮ್ಮ ಮನೆಗೂ ನಮ್ಮ ಊರಿಗೂ ಗೊತ್ತಿಲ್ಲದ್ದಕ್ಕೆ. ಜನ ಕೇಳಿದರೆ ಬೇರೆ ಕಾರಣ ಹೇಳುತ್ತಾರೆ. ಬಹಳ ಚೆಂದದ ಕಾರಣ ಹೇಳುತ್ತಾರೆ.

ನನ್ನ ಗಂಡ ಔರಾದ ತಾಲೂಕಿನ ಎಕಂಬಾದವರು. ಕುರಿ ಸಾಕುವ ಮನೆತನ, ಜೊತೆಗೆ ತೊಗರಿ, ಉದ್ದು, ಜೋಳ ಬೆಳೆಯುವ ಒಣ ಹೊಲ. ನಾನು ಔರಾದದ ಹತ್ತಿರದ ಸಾಲೆಯೊಂದರಲ್ಲಿ ಟೀಚರು. ಅವರು ಓದಿದ್ದು ಕಡಿಮೆ, ಮಾತು ಜಾಸ್ತಿ. ಹೊಲದ ಆ ತುದಿಯಿಂದ ಸಿಳ್ಳೆ ಹಾಕಿದರೆ ಈ ತುದಿಯ ಕುರಿ ತಲೆ ಎತ್ತುತ್ತಿತ್ತು. ನನ್ನನ್ನು ಬೆಳಿಗ್ಗೆ ಗಾಡಿಯ ಮೇಲೆ ಬಸ್ಸಿಗೆ ಬಿಡಲು ಬಂದು, ಬಸ್ಸು ತಡವಾದರೆ ಕಂಡಕ್ಟರನ ಜೊತೆ ಜಗಳ ತೆಗೆದು, ನಮ್ಮ ಟೀಚರಿಗೆ ಸೀಟು ಕೊಡಿರಿ ಎಂದು ಗದ್ದಲ ಹಾಕಿ, ನನ್ನ ಮರ್ಯಾದೆಯನ್ನೆಲ್ಲ ಬೀದಿಗೆ ತಂದು ನಗುತ್ತ ಹೋಗುವ ಮನುಷ್ಯ. ಮನೆಯಲ್ಲಿ ದಿನಾ ಒಂದು ಜಗಳ ಇರಲೇಬೇಕು. ಬೇಳೆಗೆ ಉಪ್ಪು ಕಡಿಮೆ, ಇಲ್ಲವೇ ಹೆಚ್ಚು. ಸರಿಯಾಗಿದ್ದರೆ ಇವತ್ತು ಯಾರು ಮಾಡಿದ್ದು ಎಂದು ಕೇಳುತ್ತಿದ್ದರು. ರವಿವಾರ ಮಟನ್ ಇಲ್ಲದಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದರು.

ನನ್ನ ಅಪ್ಪ ಇದಕ್ಕೆ ತಿರುಗಾಮುರುಗ. ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಅವರು ಮಾಳಕರಿ. ನಮ್ಮ ಕಡೆ ಮಾಳಕರಿ ಎಂದರೆ ಕೊರಳಿಗೆ ಮಾಳ, ಅಂದರೆ ತುಳಸಿ ಮಾಲೆ, ಹಾಕಿಸಿಕೊಂಡವರು. ಮಾಂಸ, ಸೆರೆ ಮುಟ್ಟುವಂತಿಲ್ಲ, ಏಕಾದಶಿಗೆ ಉಪವಾಸ, ಆಷಾಢದಲ್ಲಿ ಪಂಢರಪುರಕ್ಕೆ ನಡಿಗೆ. ಅಪ್ಪ ನಮ್ಮ ಮನೆಗೆ ಬರುತ್ತಾರೆ ಎಂದರೆ ನಾನು ಹಿಂದಿನ ದಿನವೇ ಪಾತ್ರೆ ಬೂದಿ ಹಾಕಿ ತಿಕ್ಕಬೇಕಿತ್ತು. ಅಳಿಯ ಸುಮ್ಮನಿರುತ್ತಿರಲಿಲ್ಲ. ಮಾವ ಊಟಕ್ಕೆ ಕೂತಾಗ, ಕೋಳಿ ಕೂಗಿದ್ದು ಕಿವಿಗೆ ಬಿದ್ದರೆ ವ್ರತ ಕೆಡುತ್ತದೆಯೋ ಹೇಗೆ ಎಂದು ಕೇಳುತ್ತಿದ್ದರು. ಅಪ್ಪ ತುತ್ತು ನುಂಗುತ್ತ, ಕೋಳಿಗೆ ಕೇಳಿ ಹೇಳುತ್ತೇನೆ ಎನ್ನುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಬಹಳ ಇಷ್ಟ.

ಒಂದು ವರ್ಷ ತೊಗರಿ ರಾಶಿ ಮುಗಿದ ಮೇಲೆ ನನ್ನ ಗಂಡ ಬದಲಾದರು. ಏನಾಯಿತು ಎಂದು ಕೇಳುವವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ, ಯಾಕೆಂದರೆ ಏನೂ ಆಗಿರಲಿಲ್ಲ. ಬೆಳೆ ಚೆನ್ನಾಗಿ ಬಂದಿತ್ತು. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾರೊಂದಿಗೂ ಮನಸ್ತಾಪ ಇರಲಿಲ್ಲ. ಮೊದಲು ಸಿಳ್ಳೆ ನಿಂತಿತು. ಆಮೇಲೆ ಕೋಳಿ ಕೂಗುವ ಮುಂಚೆಯೇ ಎದ್ದು ಅಂಗಳದ ಕಲ್ಲಿನ ಮೇಲೆ ಕೂರುವುದು ಶುರುವಾಯಿತು. ಯಾಕೆಂದು ಕೇಳಿದರೆ, ನಿದ್ದೆ ಬರುವುದಿಲ್ಲ ಅಷ್ಟೇ ಎನ್ನುತ್ತಿದ್ದರು. ರವಿವಾರ ಬಂತು, ಹೋಯಿತು, ಮಟನ್ ಕೇಳಲಿಲ್ಲ. ಒಂದು ದಿನ ನಾನು ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅವರು ಅದನ್ನು ಸುಮ್ಮನೆ ಉಂಡು ಕೈ ತೊಳೆದರು. ಆಮೇಲೆ ಆ ಬೇಳೆಯನ್ನು ಬಾಯಿಗಿಟ್ಟ ನಾನು ತುತ್ತು ನುಂಗದೆ ಅತ್ತೆಯ ಮುಖ ನೋಡಿದೆ.

ನಮ್ಮ ಅತ್ತೆಗೆ ಮಾತ್ರ ಸಂತೋಷ. ಅತ್ತೆಯ ಬಗ್ಗೆ ತಪ್ಪು ತಿಳಿಯಬೇಡಿ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸಾಲೆಯಿಂದ ನಾನು ಬರುವ ಹೊತ್ತಿಗೆ ಬಿಸಿನೀರು ಕಾಯಿಸಿ ಇಡುತ್ತಿದ್ದವರು, ನನ್ನ ಬಾಣಂತನದಲ್ಲಿ ತವರಿನವರಿಗಿಂತ ಹೆಚ್ಚು ಮಾಡಿದವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ಕುರಿಯ ಹಿಂದೆ ಬೆಳೆಸಿದ್ದರು. ಮಗ ಒಂದಲ್ಲ ಒಂದು ದಿನ ಮಾಳ ಹಾಕಿಸಿಕೊಳ್ಳಲಿ ಎಂದು ವಿಠ್ಠಲನಿಗೆ ಬೇಡಿಕೊಂಡಿದ್ದರು. ಈಗ ಮಗ ಮಾಂಸ ಬಿಟ್ಟ, ಸಿಟ್ಟು ಬಿಟ್ಟ, ಹಾಸಿಗೆ ಬಿಟ್ಟು ಬೆಳಗಿನ ಜಾವ ಏಳುತ್ತಾನೆ. ವಿಠ್ಠಲ ಕಣ್ಣು ತೆರೆದ ಎಂದು ಆಕೆಗೆ ಅನಿಸದೆ ಇನ್ನೇನು ಅನಿಸೀತು.

ಆಷಾಢ ಏಕಾದಶಿಗೆ ಅತ್ತೆ ಅವರಿಗೆ ಮಾಳ ಹಾಕಿಸಿದರು. ಬೇಡ ಅಂದರೆ ಜಗಳ ಆಗಬೇಕಿತ್ತು, ಜಗಳ ಆಡುವ ಶಕ್ತಿ ಅವರಲ್ಲಿ ಇರಲಿಲ್ಲ. ಕೊರಳು ಬಗ್ಗಿಸಿದರು. ಅದಾದ ಸ್ವಲ್ಪ ದಿನಕ್ಕೆ ಕುರಿಗಳನ್ನೆಲ್ಲ ಕಾಕಾನ ಮಕ್ಕಳಿಗೆ ಒಪ್ಪಿಸಿಬಿಟ್ಟರು. ನನ್ನಿಂದ ಆಗುವುದಿಲ್ಲ, ನೀವೇ ನೋಡಿಕೊಳ್ಳಿ ಅಂದದ್ದು ನಾನು ಕಿವಿಯಾರೆ ಕೇಳಿದ್ದೇನೆ. ಊರಿನಲ್ಲಿ ಅದು ಬೇರೆಯಾಯಿತು. ಕೋಟ್ಯಧೀಶ ಆಸ್ತಿ ದಾನ ಮಾಡಿದ ಹಾಗೆ ಮಾತಾಡಿಕೊಂಡರು. ಗಡ್ಡ ಬೆಳೆಯಿತು, ಕ್ಷೌರ ಮಾಡಿಸಲು ಮನಸ್ಸಿಲ್ಲದ್ದಕ್ಕೆ. ಮೈ ಇಳಿಯಿತು, ಉಣ್ಣದ್ದಕ್ಕೆ. ಮುಖದ ಮೇಲೆ ಕಳೆ ಬಂದಿದೆ ಅಂದರು. ಮೊದಲು ಮುದುಕಿಯರು ಬಂದು ಕಾಲು ಮುಟ್ಟಿದರು, ಆಮೇಲೆ ಗಂಡಸರು. ಶುರುವಿನಲ್ಲಿ ಅವರು ಕಾಲು ಹಿಂದೆ ಎಳೆದುಕೊಳ್ಳುತ್ತಿದ್ದರು. ಮುಂದೆ ಅದನ್ನೂ ಬಿಟ್ಟರು. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಕೈ ಹಿಡಿದು, ಏನು ಪುಣ್ಯ ಮಾಡಿದ್ದಿ ನೀನು ಎನ್ನುವರು. ನನ್ನ ಮಗಳಿಗೆ ಆಗ ಎಂಟು ವರ್ಷ. ಅಪ್ಪ ಈಗ ನನ್ನ ಬೈಯುವುದೇ ಇಲ್ಲ ಎಂದು ಒಂದು ಸಂಜೆ ಅಳುತ್ತ ಬಂದು ನನ್ನ ಮಡಿಲಲ್ಲಿ ಮುಖ ಇಟ್ಟಳು. ಇಡೀ ಊರಿನಲ್ಲಿ ಸರಿಯಾಗಿ ಕಂಡದ್ದು ಆ ಕೂಸಿಗೆ.

ಸಾಲೆಯಲ್ಲಿ ಓದಲು ಕಲಿಯುವ ಮಕ್ಕಳು ಒಂದು ತಪ್ಪು ಮಾಡುತ್ತಾರೆ. ಪುಸ್ತಕದಲ್ಲಿ ಹಸುವಿನ ಚಿತ್ರ ಇದ್ದು, ಕೆಳಗೆ ಹಸು ಎಂದು ಬರೆದಿದ್ದರೆ ನಮ್ಮ ಮಕ್ಕಳು ಅಕ್ಷರದ ಮೇಲೆ ಬೆರಳಿಟ್ಟು, ದೊಡ್ಡ ದನಿಯಲ್ಲಿ, ಆಕಳು ಎಂದು ಓದುತ್ತಾರೆ. ಬೆರಳು ಅಕ್ಷರದ ಮೇಲೆ, ಕಣ್ಣು ಚಿತ್ರದ ಮೇಲೆ. ಓದಿದೆವು ಎಂಬ ಹೆಮ್ಮೆ ಬೇರೆ. ಊರು ನನ್ನ ಗಂಡನನ್ನು ಹಾಗೆ ಓದಿತು. ಮಾಳ ಕಂಡಿತು, ಗಡ್ಡ ಕಂಡಿತು, ಮೌನ ಕಂಡಿತು, ಸಾಧು ಎಂದು ಓದಿಬಿಟ್ಟಿತು. ನನಗೆ ಅದು ತಪ್ಪೆಂದು ಗೊತ್ತಿತ್ತು. ಸರಿಯಾದದ್ದು ಏನೆಂದು ಮಾತ್ರ ಗೊತ್ತಿರಲಿಲ್ಲ. ತಪ್ಪು ಅನ್ನುವುದಕ್ಕಿಂತ ಮುಂದೆ ಹೋಗಲು ನನ್ನ ಹತ್ತಿರ ಒಂದು ಪದ ಬೇಕಿತ್ತು, ಅದು ಇರಲಿಲ್ಲ. ಹಾಗಾಗಿ ನಾನು ಬರೀ ಸಿಡುಕುತ್ತಿದ್ದೆ. ಗಂಡ ದೇವರ ಕಡೆ ಹೋದದ್ದಕ್ಕೆ ಹೆಂಡತಿಗೆ ಹೊಟ್ಟೆಕಿಚ್ಚು ಎಂದು ಜನ ಅದಕ್ಕೂ ಅರ್ಥ ಹಚ್ಚಿದರು.

ದಸರೆಯ ಹೊತ್ತಿಗೆ ಅಪ್ಪ ಭಾತಂಬ್ರಾದಿಂದ ಬಂದರು. ಅಳಿಯನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತರು. ಎಂದಿನಂತೆ ಕೋಳಿಯ ಮಾತು ತೆಗೆದರು, ಅಳಿಯ ನಗಲಿಲ್ಲ. ಸಂಜೆ ತಾಳ ಹಿಡಿದು ತಮ್ಮ ಒಡಕು ದನಿಯಲ್ಲಿ ಭಜನೆ ಶುರು ಮಾಡಿದರು. ಅಳಿಯನ ಕೈಗೂ ತಾಳ ಕೊಟ್ಟರು. ಅವರು ಅದನ್ನು ಹಿಡಿದುಕೊಂಡು ಕೂತರು, ಬಡಿಯಲಿಲ್ಲ. ಅಪ್ಪ ಮುಂದೆ ಹಾಡಲಿಲ್ಲ. ಮರುದಿನ ಬಸ್ಸಿಗೆ ನಿಂತಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಅವ್ವಾ, ಮಾಳ ಹಾಕ್ಕೊಂಡವರ ಹಸಿವಿ ಹೋಗಂಗಿಲ್ಲ. ಏಕಾದಶಿ ದಿನ ನಾ ಮುಂಜಾನಿಂದ ನಾಳಿನ ಜುಣಕ ರೊಟ್ಟಿದೇ ಧ್ಯಾನ ಮಾಡ್ತೇನಿ," ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ಇದು ಭಕ್ತಿ ಅಲ್ಲ. ಭಕ್ತಿ ಇದ್ದಲ್ಲಿ ಗದ್ದಲ ಇರ್ತದ. ಇವರ ಒಳಗ ಎಲ್ಲಾ ಸಪ್ಪಳ ನಿಂತದ. ಬೀದರಿಗಿ ಕರಕೊಂಡು ಹೋಗು."

ಎಲ್ಲಿಗೆ, ಯಾವ ದವಾಖಾನೆಗೆ ಎಂದು ಅವರಿಗೂ ಗೊತ್ತಿರಲಿಲ್ಲ. ನನ್ನ ಸಾಲೆಗೆ ಬರುವ ನರ್ಸಮ್ಮನನ್ನು ಕೇಳಿದೆ. ಬೀದರಿನಲ್ಲಿ ಮನಸ್ಸಿನ ಡಾಕ್ಟರು ಇದ್ದಾರೆ ಅಂದಳು, ಅನ್ನುವಾಗ ದನಿ ತಗ್ಗಿಸಿದಳು. ಇವರ ಕಣ್ಣು ತೋರಿಸಲು ಹೋಗುತ್ತೇವೆ ಎಂದು ಅತ್ತೆಗೆ ಸುಳ್ಳು ಹೇಳಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅವರು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಕಂಡಕ್ಟರು ಚಿಲ್ಲರೆಗೆ ರೇಗಿದಾಗಲೂ ಸುಮ್ಮನಿದ್ದರು.

ಡಾಕ್ಟರು ವಯಸ್ಸಾದವರು, ಆತುರ ಇಲ್ಲದ ಮನುಷ್ಯ. ಮಾಳ ನೋಡಿದರು, ಅದರ ಬಗ್ಗೆ ಏನೂ ಕೇಳಲಿಲ್ಲ. ನಿದ್ದೆ ಹೇಗಿದೆ, ಊಟ ರುಚಿ ಹತ್ತುತ್ತದೆಯೇ, ಮೊದಲು ಯಾವುದರಿಂದ ಖುಷಿ ಆಗುತ್ತಿತ್ತು ಎಂದು ಒಂದೊಂದೇ ಕೇಳಿದರು. ನನ್ನ ಗಂಡ ಕೊರಳಿನ ಮಾಳವನ್ನು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಆ ವರ್ಷದಲ್ಲಿ ನಾನು ಕೇಳಿದ ಅವರ ಅತಿ ಉದ್ದದ ಮಾತು ಬಂತು.

"ನಾ ಸಾಧು ಅಲ್ಲರಿ ಡಾಕ್ಟರ್ ಸಾಬ್. ನನಗ ಯಾವುದೂ ಬ್ಯಾಡ ಅನಸ್ತದ. ಮಗಳ ಮಾರಿ ನೋಡಿದ್ರೂ ಏನೂ ಆಗಂಗಿಲ್ಲ. ವಿಠ್ಠಲನೂ ಬ್ಯಾಡ ಅನಸ್ತದರಿ. ಮಂದಿ ಬಂದು ಕಾಲ ಹಿಡೀತಾರ. ಇದ ನಾ ಯಾರ ಮುಂದ ಹೇಳ್ಲಿ?"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಇಷ್ಟು ದಿನ ಊರಿನವರೆಲ್ಲ ಹೂ ಹಾಕುತ್ತಿದ್ದಾಗ ಈ ಮನುಷ್ಯ ಒಳಗೆ ಒಬ್ಬನೇ ಹೆದರಿಕೊಂಡು ಕೂತಿದ್ದ. ತಾನು ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ ಎಂದು ತಿಳಿದು ಕೂತಿದ್ದ. ಡಾಕ್ಟರು ಇದಕ್ಕೆ ಖಿನ್ನತೆ ಎಂದು ಹೆಸರು ಹೇಳಿದರು. ಇದು ಜಡ್ಡು, ನಿಮ್ಮ ತಪ್ಪಲ್ಲ, ವಾಸಿಯಾಗುತ್ತದೆ, ಆದರೆ ಗುಳಿಗೆಯನ್ನು ಮಧ್ಯದಲ್ಲಿ ಬಿಡಬಾರದು, ಆರಾಮ ಅನಿಸಿದ ಮೇಲೂ ನಾನು ಹೇಳುವ ತನಕ ಬಿಡಬಾರದು ಅಂದರು. ಹೊರಗೆ ಬಂದು ನಾವು ಒಂದು ಹೋಟೆಲಿನಲ್ಲಿ ಚಹಾ ಕುಡಿದೆವು. "ಇದಕ್ಕ ಹೆಸರು ಅದ ಅಂತ ನನಗ ಗೊತ್ತಿದ್ದಿಲ್ಲ," ಎಂದು ಅವರು ಮೆಲ್ಲಗೆ ಅಂದರು. ಹೆಸರು ಸಿಕ್ಕದ್ದಕ್ಕೇ ಅವರ ಭುಜದ ಭಾರ ಸ್ವಲ್ಪ ಇಳಿದಿತ್ತು.

ಗುಳಿಗೆ ಹತ್ತಲು ಸಮಯ ಹಿಡಿಯಿತು. ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಮುಖ ಕಿವುಚಿ, "ಉಪ್ಪ ಎಲ್ಲಿ ಹೋತು?" ಎಂದು ಕೇಳಿದರು. ನಾನು ಉಪ್ಪು ತರುತ್ತೇನೆ ಎಂದು ಒಳಗೆ ಹೋದವಳು ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮದುವೆಯಾದ ಮೇಲೆ ನನಗೆ ಅಂಥ ಸಂತೋಷ ಎಂದೂ ಆಗಿರಲಿಲ್ಲ. ಆ ವಾರವೇ ಮಗಳಿಗೆ ಬೈದರು. ಅವಳು ಬೈಸಿಕೊಂಡು ಕುಣಿಯುತ್ತ ಓಣಿಯೆಲ್ಲ ಹೇಳಿಕೊಂಡು ಬಂದಳು. ನಮ್ಮ ಮನೆಯಲ್ಲಿ ಮತ್ತೆ ಗದ್ದಲ ಕೇಳತೊಡಗಿತು.

ಊರಿಗೆ ಅದು ಸೇರಲಿಲ್ಲ. ಕಾಲು ಹಿಡಿಯಲು ಬಂದ ಹಿರಿಯರೊಬ್ಬರಿಗೆ ನನ್ನ ಗಂಡ, ಏಳಿರಿ, ಕಾಲಿಗೆ ಸಗಣಿ ಹತ್ತಿದೆ ಅಂದುಬಿಟ್ಟರು. ಅವರು ನೊಂದುಕೊಂಡು ಹೋದರು. ಇನ್ನೊಬ್ಬರು ಬೀದರಿನಲ್ಲಿ ನಾವು ಆ ದವಾಖಾನೆಯ ಮೆಟ್ಟಿಲು ಇಳಿಯುವುದನ್ನು ಕಂಡಿದ್ದರು. ಮಾತು ಬೆಂಕಿ ಹತ್ತಿದಂತೆ ಹಬ್ಬಿತು. ಹುಚ್ಚರ ಡಾಕ್ಟರ ಹತ್ತಿರ ಹೋಗಿದ್ದರಂತೆ, ಗುಳಿಗೆ ನುಂಗಿಸುತ್ತಾಳಂತೆ. ಅತ್ತೆ ದೇವಸ್ಥಾನದಿಂದ ಮುಖ ಬಾಡಿಸಿಕೊಂಡು ಬಂದು ನನ್ನ ಮುಂದೆ ಕೂತರು. ಬೈಯಲಿಲ್ಲ. ನಿನ್ನ ಮಗಳ ಮದುವೆ ಮುಂದೆ ಮಾಡಬೇಕು, ಹುಚ್ಚನ ಮಗಳು ಅಂದರೆ ಯಾರು ಬರುತ್ತಾರೆ ಎಂದು ಕೇಳಿದರು. ಸಾಧು ಆಗಿದ್ದ ಮಗನನ್ನು ಗುಳಿಗೆ ಹಾಕಿ ಹುಚ್ಚ ಮಾಡಬೇಡ ಎಂದು ಕೈ ಮುಗಿದರು. ನಾನು ಅದು ಖಿನ್ನತೆ ಅಂದೆ. ಪುಸ್ತಕದ ಮಾತು ಆಡುತ್ತಿ ಅಂದರು. ನಮ್ಮ ಊರಿನಲ್ಲಿ ಇದ್ದದ್ದು ಎರಡೇ ಮಾತು, ಒಂದು ಸಾಧು, ಇನ್ನೊಂದು ಹುಚ್ಚ. ನಡುವೆ ಒಬ್ಬ ಜಡ್ಡಾದ ಮನುಷ್ಯ ಕೂರಲು ಜಾಗ ಇರಲಿಲ್ಲ. ಮೇಡಂ ಬೋರ್ಡಿನ ಮೇಲೆ ಬರೆದದ್ದಕ್ಕೆ ನನ್ನನ್ನು ಅರ್ಥ ಕೇಳಿದ್ದರೆ ಇಷ್ಟೇ ಹೇಳುತ್ತಿದ್ದೆ: ಆ ನಡುವಿನ ಜಾಗ.

ತಾಯಿ ಕೈ ಮುಗಿದದ್ದನ್ನು ಮಗ ನೋಡಿದರು. ಯುಗಾದಿಯ ಸುಮಾರಿಗೆ ಗುಳಿಗೆ ಬಿಟ್ಟರು. ನನಗೆ ಗೊತ್ತಾದಾಗ ನಾನು ಕೂಗಾಡಿದೆ, ತಟ್ಟೆ ಎತ್ತಿ ಒಗೆದೆ, ಮಾತು ಬಿಟ್ಟೆ. ಅವರು ಮೊದಲಿನ ಹಾಗೆ ನಕ್ಕು, ಆರಾಮ ಆಗಿದೆಯಲ್ಲ, ಇನ್ನೇನು ಎಂದು ನನ್ನನ್ನು ಸಮಾಧಾನ ಮಾಡಿದರು. ನನಗೆ ನೀನೂ ಬೇಕು, ಅವ್ವನ ಮನಸ್ಸೂ ಉಳಿಯಬೇಕು ಅಂದರು. ಆ ನಗುವಿನ ಮುಂದೆ ನಾನು ಸೋತೆ. ಆಷಾಢ ಬಂದಾಗ ಭಜನೆ ಮಾಡುತ್ತ ನಡೆದು ಹೋಗುವವರ ದಿಂಡಿಯ ಜೊತೆ ಪಂಢರಪುರಕ್ಕೆ ಹೊರಟರು. ಅತ್ತೆ ಹಣೆಗೆ ವಿಠ್ಠಲನ ಕಪ್ಪು ಪುಡಿ, ಬುಕ್ಕಾ ಹಚ್ಚಿ ಕಳಿಸಿದರು. ಹೋಗುವಾಗ ಚೆನ್ನಾಗಿಯೇ ಇದ್ದರು, ಮಗಳಿಗೆ ಏನು ತರಲಿ ಎಂದು ಕೇಳಿದ್ದರು.

ವಾಪಸು ಬಂದಾಗ ಮಗಳಿಗೆ ಏನೂ ತಂದಿರಲಿಲ್ಲ. ಚೀಲ ಅಂಗಳದಲ್ಲಿಟ್ಟು ಅದೇ ಕಲ್ಲಿನ ಮೇಲೆ ಕೂತರು. ಮಗಳು ಚೀಲ ಬಿಚ್ಚಿ ನೋಡಿ, ಏನೂ ಕೇಳದೆ ಒಳಗೆ ಹೋದಳು. ಅವತ್ತೇ ನನಗೆ ತಿಳಿಯಿತು, ಅದು ತಿರುಗಿ ಬಂದಿದೆ, ಮೊದಲಿಗಿಂತ ಜೋರಾಗಿ ಬಂದಿದೆ ಎಂದು. ಬೀದರಿಗೆ ಹೋಗೋಣ ನಡೆಯಿರಿ ಎಂದು ದಿನಾ ಕೈ ಹಿಡಿದು ಎಳೆದೆ. ನಾಳೆ ಎನ್ನುತ್ತಿದ್ದರು. ಆಮೇಲೆ ಅದನ್ನೂ ಅನ್ನುವುದು ಬಿಟ್ಟರು, ಊಟ ದಿನಕ್ಕೆ ಎರಡು ತುತ್ತಿಗೆ ಇಳಿಯಿತು.

ಶ್ರಾವಣದ ಏಕಾದಶಿಗೆ ಮನೆಯಲ್ಲಿ ಎಲ್ಲರದ್ದೂ ಉಪವಾಸ. ಮರುದಿನ ಬಾರಸಿ, ಅಂದರೆ ದ್ವಾದಶಿ. ಆ ದಿನ ಮುಂಜಾನೆ ನೈವೇದ್ಯ ಮಾಡಿ ಉಪವಾಸ ಬಿಡುವುದು ಮಾಳಕರಿಗಳ ನಿಯಮ. ಬಿಡಲೇಬೇಕು, ಹಿಡಿಯುವುದು ಎಷ್ಟು ಮುಖ್ಯವೋ ಬಿಡುವುದೂ ಅಷ್ಟೇ. ಅವರು ಬಿಡಲಿಲ್ಲ. ತಟ್ಟೆಯ ಮುಂದೆ ಕೂತು, ಒಲ್ಲೆ ಎಂದು ಸರಿಸಿದರು. ಅದರ ಮರುದಿನವೂ ಹಾಗೆ. ಅತ್ತೆ ಗಾಬರಿಯಾಗಿ ದೇವಸ್ಥಾನದಲ್ಲಿ ಹೇಳಿದರು. ಅಲ್ಲಿದ್ದವರು, ಗಾಬರಿ ಬೀಳಬೇಡ, ಅನುಷ್ಠಾನಕ್ಕೆ ಕೂತಿದ್ದಾನೆ ಅಂದರು. ಸಂಜೆಗೆ ನಮ್ಮ ಅಂಗಳದಲ್ಲಿ ಭಜನೆ ಶುರುವಾಯಿತು. ಪಕ್ಕದ ಊರಿನಿಂದಲೂ ಜನ ಬಂದರು. ಹಸಿದು ಸಾಯುತ್ತಿರುವ ಮನುಷ್ಯನ ಸುತ್ತ ಕೂತು ಎಲ್ಲರೂ ಬಹಳ ಚೆಂದ ಹಾಡಿದರು. ನಾನು ಬಾಗಿಲಲ್ಲಿ ನಿಂತು ಎದ್ದು ಹೋಗಿರಿ ಎಂದು ಕೂಗಿದೆ. ಓದಿದವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಒಬ್ಬರು ಸಮಾಧಾನದಿಂದಲೇ ಹೇಳಿ ತಾಳ ಬಡಿದರು.

ನಾನು ಅಪ್ಪನಿಗೆ ಫೋನ್ ಮಾಡಿದೆ. ಅವರು ಭಾಲ್ಕಿಯಿಂದ ಜೀಪು ಮಾಡಿಕೊಂಡು ಬಂದರು. ಅಂಗಳದ ನಡುವೆ ಬಂದು ಯಾರಿಗೂ ನಮಸ್ಕಾರ ಮಾಡಲಿಲ್ಲ. ಹಾಡುತ್ತಿದ್ದವರ ಕೈಯಿಂದ ತಾಳ ಇಸಿದುಕೊಂಡರು. "ಮೊದಲ ಅವರಿಗಿ ಉಣಸ್ರಿ, ಆಮ್ಯಾಲ ಹಾಡ್ರಿ," ಅಂದರು. ಅಷ್ಟು ವರ್ಷ ಮಾಳ ಹಾಕಿದ ಮುದುಕನಿಗೆ ಎದುರು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಆದರೆ ಆ ಹೊತ್ತಿಗೆ ನನ್ನ ಗಂಡನ ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಗುರವಾಗಿದ್ದರು. ಅಪ್ಪನೂ ನಾನೂ ಇಬ್ಬರೇ ಎತ್ತಿ ಜೀಪಿನಲ್ಲಿ ಮಲಗಿಸಿದೆವು.

ಔರಾದದ ದವಾಖಾನೆಯಲ್ಲಿ ಸಲೈನ್ ಬಾಟಲಿ ಹಚ್ಚಿ ಬೀದರಿಗೆ ಕಳಿಸಿದರು. ಬೀದರಿನ ಆಸ್ಪತ್ರೆಯಲ್ಲಿ ಒಬ್ಬ ಎಳೆಯ ಡಾಕ್ಟರು, ಇವರು ಉಂಡು ಎಷ್ಟು ದಿನ ಆಯಿತು ಎಂದು ಕೇಳಿದ. ನಾನು ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಮನೆಯಲ್ಲಿ ಊಟಕ್ಕೆ ಇರಲಿಲ್ಲವೇ ಎಂದು ಕೇಳಬೇಕೆಂದಿದ್ದ ಎಂದು ತೋರುತ್ತದೆ. ಎದೆಗೆ ಕಫ ಇಳಿದಿತ್ತು, ತಡೆಯುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ. ಒಮ್ಮೆ ಕಣ್ಣು ಬಿಟ್ಟಾಗ ನಾನು ಬಗ್ಗಿ, ಏನಾದರೂ ತಿನ್ನುತ್ತೀರಾ ಎಂದು ಕೇಳಿದೆ. "ನಿನ್ನ ಮ್ಯಾಲ ಸಿಟ್ಟಿಲ್ಲ," ಅಂದರು. "ಹಸಿವಿ ಆಗವಲ್ದು." ಅದು ಅವರ ಕೊನೆಯ ಮಾತು.

ಊರಿನವರು ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಅವರಿಗೊಂದು ಕಟ್ಟೆ ಕಟ್ಟಿದರು. ನಾನು ತಡೆಯಲಿಲ್ಲ. ಅತ್ತೆ ಆ ಕಟ್ಟೆಯನ್ನು ಹಿಡಿದುಕೊಂಡೇ ದಿನ ನೂಕುತ್ತಿದ್ದರು. ಏಕಾದಶಿಗೊಮ್ಮೆ ಅಲ್ಲಿ ಭಜನೆ ಆಗುತ್ತದೆ, ತೆಂಗಿನಕಾಯಿ ಒಡೆಯುತ್ತಾರೆ. ಹರಕೆ ಹೊರುವವರೂ ಇದ್ದಾರೆ. ನನ್ನ ಕಾಲಿಗೂ ಬೀಳಲು ಬರುತ್ತಾರೆ. ನಾನು ಸಾಲೆ ಬಿಟ್ಟ ಮೇಲೆ ಹೋಗಿ, ಅತ್ತೆಯ ಪಕ್ಕ ಸುಮ್ಮನೆ ಕೂತು ಬರುತ್ತಿದ್ದೆ. ಮಗಳು ಬರುವುದಿಲ್ಲ. ಅದು ಅಪ್ಪ ಅಲ್ಲ ಎನ್ನುತ್ತಾಳೆ. ನಿಜ ಹೇಳಿ ಯಾರಿಗೆ ಏನು ಸಿಗಬೇಕಿದೆ, ಹೋದವರು ಹೋದರು ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಕಳೆದೆ.

ಬೀದರಿನ ತರಬೇತಿ ಮುಗಿಸಿ ಬಂದ ಮೇಲಿನ ಮೊದಲ ಏಕಾದಶಿ. ಭಜನೆಗೆ ಇನ್ನೂ ಹೊತ್ತಿತ್ತು, ಜನ ಬಂದು ಕೂರುತ್ತಿದ್ದರು. ಪಕ್ಕದ ಊರಿನ ಒಬ್ಬ ಹುಡುಗಿ ಗಂಡನನ್ನು ಕರೆದುಕೊಂಡು ಬಂದಳು. ಮದುವೆಯಾಗಿ ಬಹಳ ವರ್ಷ ಆಗಿರಲಿಕ್ಕಿಲ್ಲ. ಅವನ ಕೊರಳಿನಲ್ಲಿ ಹೊಸ ಮಾಳ, ಗಡ್ಡ ಬಿಟ್ಟಿದ್ದ, ಅಂಗಿ ಮೈಮೇಲೆ ತೂಗುತ್ತಿತ್ತು. ತಲೆ ಎತ್ತಿ ಯಾರನ್ನೂ ನೋಡಲಿಲ್ಲ. ಅವಳು ಅವನನ್ನು ಬಗ್ಗಿಸಿ ಕಟ್ಟೆಗೆ ಹಣೆ ಹಚ್ಚಿಸಿ, ನನ್ನ ಹತ್ತಿರ ಬಂದಳು.

"ಇವರೂ ಮಾತು ಬಿಟ್ಟಾರ್ರಿ ಅಕ್ಕಾ. ಊಟನೂ ಕಡಿಮಿ ಮಾಡ್ಯಾರ. ಎಲ್ಲಾರೂ ನಿಮ್ಮವರಂಗ ಆಗ್ಲತಾರ ಅಂತಾರ," ಅಂದಳು. ಅನ್ನುವಾಗ ನಗುತ್ತಿದ್ದಳು, ಕಣ್ಣು ಮಾತ್ರ ನನ್ನನ್ನು ಏನೋ ಕೇಳುತ್ತಿತ್ತು. ಆ ಕಣ್ಣು ನನಗೆ ಚೆನ್ನಾಗಿ ಗೊತ್ತು. ಉಪ್ಪಿಲ್ಲದ ಬೇಳೆಯನ್ನು ಗಂಡ ಸುಮ್ಮನೆ ಉಂಡ ದಿನ ನಾನೂ ಸಿಕ್ಕವರ ಮುಖವನ್ನು ಹೀಗೆಯೇ ನೋಡಿದ್ದೆ.

ಅತ್ತೆ ನನ್ನ ಪಕ್ಕದಲ್ಲೇ ಕೂತು ಆರತಿಗೆ ಬತ್ತಿ ಹೊಸೆಯುತ್ತಿದ್ದರು. ನಾನು ಬಾಯಿ ಬಿಟ್ಟರೆ ಅದು ಮೊದಲು ತಾಗುವುದು ಅವರಿಗೆ ಎಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ನನ್ನ ಗಂಡ ಸಾಧು ಆಗಿರಲಿಲ್ಲ, ಅವರಿಗೆ ಜಡ್ಡಾಗಿತ್ತು, ಅದಕ್ಕೆ ಹೆಸರಿದೆ, ಗುಳಿಗೆಯಿದೆ, ಗುಳಿಗೆ ತೆಗೆದುಕೊಂಡಾಗ ಅವರು ಚೆನ್ನಾಗಿ ಉಂಡರು, ನಕ್ಕರು, ಮಗಳಿಗೆ ಬೈದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ತಾಳ ಹಿಡಿದವರು ಕೆಳಗಿಟ್ಟರು. ಅತ್ತೆಯ ಕೈಯಲ್ಲಿನ ಬತ್ತಿ ಅರ್ಧಕ್ಕೆ ನಿಂತಿತ್ತು.

"ಅಂದ್ರ, ಗುಳಿಗಿ ಬಿಡದಿದ್ರ ನನ್ನ ಮಗ ಇರ್ತಿದ್ದನೇನು?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಆಯುಷ್ಯ ಅಷ್ಟೇ ಇತ್ತು ಅತ್ತೆ ಎಂದರೆ ಆ ಮುದುಕಿ ನಂಬುತ್ತಿದ್ದರು, ನಂಬಿಕೊಂಡು ನೆಮ್ಮದಿಯಿಂದ ಸಾಯುತ್ತಿದ್ದರು. ಆದರೆ ಆ ಹುಡುಗಿ ಎದುರಿಗೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅತ್ತೆಯನ್ನು ಉಳಿಸಲು ನಾನು ಹೇಳುವ ಸುಳ್ಳು ಆ ಹುಡುಗಿಯ ಗಂಡನಿಗೆ ಮುಳುವಾಗುತ್ತಿತ್ತು.

"ಹೌದ್ರಿ ಅತ್ತಿ. ಇರ್ತಿದ್ರು."

ಅತ್ತೆ ಆ ಬತ್ತಿಯನ್ನು ಕಟ್ಟೆಯ ಮೇಲಿಟ್ಟರು. ಆಮೇಲೆ ಆ ಹುಡುಗಿಯ ಕಡೆ ತಿರುಗಿದರು. "ಮುಂಜಾನಿ ಬೀದರಿಗಿ ಬಸ್ ಅದ. ಕರಕೊಂಡು ಹೋಗವ್ವಾ," ಅಂದರು. "ಯಾರ ಮಾತೂ ಕೇಳಬ್ಯಾಡ."

ಮಗ ಸತ್ತ ದಿನ ಅತ್ತೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಸಾಧುಗಳು ಹೋದರೆ ಅಳಬಾರದು, ಅವರು ವಿಠ್ಠಲನ ಕಡೆ ಹೋಗಿರುತ್ತಾರೆ ಎಂದು ಊರಿನವರು ಅವರ ಬಾಯಿ ಕಟ್ಟಿದ್ದರು. ಈಗ ಅವರು ಕಟ್ಟೆಯ ಮೇಲೆ ತಲೆ ಇಟ್ಟರು. ಭಜನೆಗೆ ಬಂದವರೆಲ್ಲ ಸುತ್ತ ನಿಂತು ನೋಡುತ್ತಿದ್ದಂತೆ, ಮಗನ ಹೆಸರು ಹಿಡಿದು ಕರೆಯುತ್ತ, ಮಗ ಸತ್ತ ತಾಯಿ ಅಳುವ ಹಾಗೆ ಅತ್ತರು.